ಮಜ್ದಾ ಎಂಎಕ್ಸ್-5ರ ಮೊದಲ ತಲೆಮಾರಿನ ಕಾರುಗಳಲ್ಲಿ ಸಸ್ಪೆನ್ಷನ್ ಸವೆತದ ಪತ್ತೆ

ಮಜ್ದಾ ಎಂಎಕ್ಸ್-5 ಎಂಬುದು ಜಪಾನಿನ ಮಜ್ದಾ ಸಂಸ್ಥೆಯು ತಯಾರಿಸುವ, ಎರಡು ಆಸನಗಳ, ಮಡಚುವ ಮೇಲ್ಛಾವಣಿಯ ಕ್ರೀಡಾ ಕಾರು. 'ಎನ್‌ಎ' ಎಂಬ ಸಂಕೇತದಿಂದ ಗುರುತಿಸಲಾಗುವ ಇದರ ಮೊದಲ ತಲೆಮಾರು 1989ರಿಂದ 1997ರವರೆಗೆ ತಯಾರಾಯಿತು. ಈ ತಲೆಮಾರಿನ ಕಾರುಗಳೆಲ್ಲವೂ ಈಗ ಕಾಲು ಶತಮಾನವನ್ನು ದಾಟಿವೆ. ಕಡಿಮೆ ದೂರ ಓಡಿರುವ ಕಾರಿನಲ್ಲಿಯೂ ಸಸ್ಪೆನ್ಷನ್‌ನ ರಬ್ಬರ್ ಭಾಗಗಳು ವಯಸ್ಸಿನಿಂದಲೇ ಶಿಥಿಲವಾಗುತ್ತವೆ. ಸ್ಟೀರಿಂಗ್ ತಿರುಗಿಸಿದಾಗ ಕಾರು ತಡವಾಗಿ ಸ್ಪಂದಿಸುವುದು, ನೇರ ರಸ್ತೆಯಲ್ಲಿ ಅತ್ತಿತ್ತ ಅಲೆಯುವುದು, ತಿರುವಿನಲ್ಲಿ ಹಿಂಭಾಗವು ತಾನಾಗಿ ದಿಕ್ಕು ಬದಲಿಸಿದಂತೆ ಭಾಸವಾಗುವುದು ಮುಂತಾದ ಲಕ್ಷಣಗಳನ್ನು ಒಟ್ಟಾಗಿ ಚಾಲನೆಯ ಅಸ್ಪಷ್ಟತೆ ಎಂದು ಕರೆಯಬಹುದು. ಇದಕ್ಕೆ ಒಂದೇ ಭಾಗದ ವೈಫಲ್ಯ ಕಾರಣವಾಗಿರುವುದು ಅಪರೂಪ. ಹಲವು ಸಣ್ಣ ಸಡಿಲತೆಗಳು ಮತ್ತು ಚಕ್ರಗಳ ಕೋನದಲ್ಲಿನ ವ್ಯತ್ಯಾಸಗಳು ಕೂಡಿಕೊಂಡು ಈ ಸ್ಥಿತಿ ಉಂಟಾಗುತ್ತದೆ. ಆದುದರಿಂದ ಕಾರಣಗಳನ್ನು ಒಂದೊಂದಾಗಿ ಬೇರ್ಪಡಿಸುವ ಕ್ರಮಬದ್ಧ ಪರೀಕ್ಷೆಯು ಭಾಗಗಳನ್ನು ಊಹೆಯಿಂದ ಬದಲಾಯಿಸುವುದಕ್ಕಿಂತ ಹೆಚ್ಚು ಫಲಕಾರಿಯಾಗಿದೆ.

ಹಿನ್ನೆಲೆ

ಈ ಕಾರನ್ನು 1989ರ ಫೆಬ್ರವರಿಯಲ್ಲಿ ಅಮೆರಿಕದ ಶಿಕಾಗೊ ವಾಹನ ಪ್ರದರ್ಶನದಲ್ಲಿ ಮೊದಲ ಬಾರಿಗೆ ಅನಾವರಣಗೊಳಿಸಲಾಯಿತು. ಉತ್ತರ ಅಮೆರಿಕದಲ್ಲಿ ಇದು 'ಮಿಯಾಟ' ಎಂಬ ಹೆಸರಿನಿಂದಲೂ ಜಪಾನಿನಲ್ಲಿ 'ಯೂನೋಸ್ ರೋಡ್‌ಸ್ಟರ್' ಎಂಬ ಹೆಸರಿನಿಂದಲೂ ಮಾರಾಟವಾಯಿತು. ತೊಶಿಹಿಕೊ ಹಿರಾಯ್ ಅವರ ನೇತೃತ್ವದ ತಂಡವು 1960ರ ದಶಕದ ಹಗುರವಾದ ಬ್ರಿಟಿಷ್ ರೋಡ್‌ಸ್ಟರ್‌ಗಳ ಸ್ವಭಾವವನ್ನು ಆಧುನಿಕ ವಿಶ್ವಾಸಾರ್ಹತೆಯೊಂದಿಗೆ ಮರಳಿ ತರುವ ಗುರಿಯನ್ನಿಟ್ಟುಕೊಂಡಿತ್ತು. ಸವಾರ ಮತ್ತು ಕುದುರೆ ಒಂದೇ ದೇಹವಾಗಿರುವುದು ಎಂಬ ಅರ್ಥದ 'ಜಿಂಬಾ ಇತ್ತಾಯ್' ಎಂಬ ಜಪಾನೀ ನುಡಿಗಟ್ಟು ಈ ವಿನ್ಯಾಸದ ಮೂಲ ತತ್ತ್ವವಾಗಿತ್ತು. ಆರಂಭದಲ್ಲಿ 1.6 ಲೀಟರ್‌ನ, 1993ರಿಂದ 1.8 ಲೀಟರ್‌ನ ಎಂಜಿನ್‌ಗಳನ್ನು ಇದರಲ್ಲಿ ಅಳವಡಿಸಲಾಯಿತು. ಕಾರಿನ ತೂಕ ಸುಮಾರು ಒಂದು ಟನ್. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2265 ಮಿಲಿಮೀಟರ್.

ಚಿಕ್ಕ ಗಾತ್ರ, ಕಡಿಮೆ ತೂಕ ಮತ್ತು ಚುರುಕಾದ ಸ್ಟೀರಿಂಗ್‌ನಿಂದಾಗಿ ರಸ್ತೆಯ ಸಣ್ಣ ಏರುಪೇರು ಸಹ ಚಾಲಕನ ಕೈಗೆ ತಿಳಿಯುತ್ತದೆ. ಇದೇ ಕಾರಣದಿಂದ ಭಾರವಾದ ಕಾರಿನಲ್ಲಿ ಗಮನಕ್ಕೆ ಬಾರದಷ್ಟು ಸಣ್ಣ ಸಡಿಲತೆಯೂ ಇದರಲ್ಲಿ ಎದ್ದು ಕಾಣುತ್ತದೆ. ಆದರೆ ಸವೆತವು ವರ್ಷಗಳ ಕಾಲ ನಿಧಾನವಾಗಿ ಮುಂದುವರಿಯುವುದರಿಂದ ಕಾರನ್ನು ದಿನವೂ ಓಡಿಸುವವರು ಅದಕ್ಕೆ ಒಗ್ಗಿಹೋಗುತ್ತಾರೆ. ಸುಸ್ಥಿತಿಯಲ್ಲಿರುವ ಅದೇ ಮಾದರಿಯ ಮತ್ತೊಂದು ಕಾರನ್ನು ಓಡಿಸಿದಾಗ ಮಾತ್ರ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಸಸ್ಪೆನ್ಷನ್ ರಚನೆ

ಎನ್‌ಎ ಕಾರಿನ ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್ ಮಾದರಿಯ ಸ್ವತಂತ್ರ ಸಸ್ಪೆನ್ಷನ್ ಇದೆ. ಪ್ರತಿ ಚಕ್ರವನ್ನು ಒಂದು ಮೇಲಿನ ತೋಳು ಮತ್ತು ಒಂದು ಕೆಳಗಿನ ತೋಳು ಹಿಡಿದಿರುತ್ತವೆ. ತೋಳುಗಳ ಒಳತುದಿಗಳು ಸಬ್‌ಫ್ರೇಮ್‌ಗೆ ರಬ್ಬರ್ ಬುಷ್‌ಗಳ ಮೂಲಕ ಜೋಡಣೆಯಾಗಿವೆ. ಮುಂದಿನ ಚಕ್ರಗಳು ಸ್ಟೀರಿಂಗ್‌ನೊಂದಿಗೆ ತಿರುಗಬೇಕಾದುದರಿಂದ ಅಲ್ಲಿ ತೋಳುಗಳ ಹೊರತುದಿಯಲ್ಲಿ ಬಾಲ್ ಜಾಯಿಂಟ್‌ಗಳಿವೆ. ಹಿಂದಿನ ಚಕ್ರಗಳಲ್ಲಿ ಹೊರತುದಿಗೂ ಬುಷ್‌ಗಳನ್ನೇ ಬಳಸಲಾಗಿದೆ. ಕಾಯಿಲ್ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಘಟಕವಾಗಿ ಕೆಳಗಿನ ತೋಳಿನ ಮೇಲೆ ಕುಳಿತಿರುತ್ತವೆ.

ಪ್ರತಿ ಕೆಳಗಿನ ತೋಳಿನ ಒಳತುದಿಯಲ್ಲಿ ಎರಡರಂತೆ, ಇಡೀ ಕಾರಿನಲ್ಲಿ ಎಂಟು ಕ್ಯಾಮ್ ಬೋಲ್ಟ್‌ಗಳಿವೆ. ಇವುಗಳ ಬಿಲ್ಲೆಯು ಕೇಂದ್ರದಿಂದ ಸರಿದಿರುವುದರಿಂದ ಬೋಲ್ಟ್ ತಿರುಗಿಸಿದಾಗ ತೋಳು ಒಳಕ್ಕೆ ಅಥವಾ ಹೊರಕ್ಕೆ ಸರಿಯುತ್ತದೆ. ಮುಂಭಾಗದಲ್ಲಿ ಇವುಗಳಿಂದ ಕ್ಯಾಂಬರ್ ಮತ್ತು ಕ್ಯಾಸ್ಟರ್ ಕೋನಗಳನ್ನೂ ಹಿಂಭಾಗದಲ್ಲಿ ಕ್ಯಾಂಬರ್ ಮತ್ತು ಟೋ ಕೋನಗಳನ್ನೂ ಹೊಂದಿಸಲಾಗುತ್ತದೆ. ಮುಂದಿನ ಟೋ ಹೊಂದಾಣಿಕೆ ಟೈ ರಾಡ್‌ಗಳಿಂದ ನಡೆಯುತ್ತದೆ. ಕ್ಯಾಂಬರ್ ಎಂದರೆ ಕಾರನ್ನು ಎದುರಿನಿಂದ ನೋಡಿದಾಗ ಚಕ್ರವು ಒಳಕ್ಕೆ ಅಥವಾ ಹೊರಕ್ಕೆ ವಾಲಿರುವ ಪ್ರಮಾಣ. ಟೋ ಎಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಮುಖ ಅಥವಾ ಹೊರಮುಖವಾಗಿರುವ ಪ್ರಮಾಣ. ಕ್ಯಾಸ್ಟರ್ ಎಂದರೆ ಪಕ್ಕದಿಂದ ನೋಡಿದಾಗ ಸ್ಟೀರಿಂಗ್‌ನ ತಿರುಗು ಅಕ್ಷವು ಹಿಂದಕ್ಕೆ ವಾಲಿರುವ ಪ್ರಮಾಣ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ಮಧ್ಯಕ್ಕೆ ಮರಳಲು ಕ್ಯಾಸ್ಟರ್ ಮುಖ್ಯ ಕಾರಣ.

ಲಕ್ಷಣಗಳು ಮತ್ತು ಸಂಭವನೀಯ ಕಾರಣಗಳು

ಒಂದೇ ಲಕ್ಷಣಕ್ಕೆ ಹಲವು ಕಾರಣಗಳಿರಬಹುದಾದರೂ, ಲಕ್ಷಣವು ಯಾವ ಸಂದರ್ಭದಲ್ಲಿ ಕಾಣಿಸುತ್ತದೆ ಎಂಬುದು ಹುಡುಕಾಟದ ವ್ಯಾಪ್ತಿಯನ್ನು ಕಿರಿದುಗೊಳಿಸುತ್ತದೆ.

• ಸ್ಟೀರಿಂಗ್‌ನ ಮಧ್ಯಭಾಗದಲ್ಲಿ ಸ್ಪಂದನವಿಲ್ಲದಿರುವುದು: ಟೈ ರಾಡ್ ತುದಿಗಳ ಸವೆತ, ಸ್ಟೀರಿಂಗ್ ರ್ಯಾಕ್‌ನ ಸವೆತ, ರ್ಯಾಕ್ ಅನ್ನು ಹಿಡಿದಿರುವ ರಬ್ಬರ್‌ಗಳ ಶಿಥಿಲತೆ, ಸ್ಟೀರಿಂಗ್ ದಂಡದ ಕೀಲಿನ ಸಡಿಲತೆ.
• ನೇರ ರಸ್ತೆಯಲ್ಲಿ ಅಲೆಯುವುದು: ಟೋ ಕೋನದ ವ್ಯತ್ಯಾಸ, ಕ್ಯಾಸ್ಟರ್‌ನ ಕೊರತೆ, ಟೈರ್‌ಗಳ ವಯಸ್ಸು ಅಥವಾ ಗಾಳಿಯ ಒತ್ತಡದ ವ್ಯತ್ಯಾಸ.
• ಆಕ್ಸಿಲರೇಟರ್ ಒತ್ತಿದಾಗ ಮತ್ತು ಬಿಟ್ಟಾಗ ಹಿಂಭಾಗ ಪಕ್ಕಕ್ಕೆ ಸರಿದಂತೆ ಭಾಸವಾಗುವುದು: ಹಿಂದಿನ ಕೆಳತೋಳುಗಳ ಬುಷ್ ಸವೆತ, ಸಡಿಲವಾದ ಕ್ಯಾಮ್ ಬೋಲ್ಟ್.
• ಬ್ರೇಕ್ ಒತ್ತಿದಾಗ ಒಂದು ಕಡೆಗೆ ಎಳೆಯುವುದು: ಬ್ರೇಕ್ ಕ್ಯಾಲಿಪರ್‌ನ ಜಾರುಪಿನ್ನುಗಳು ಸಿಲುಕಿಕೊಂಡಿರುವುದು, ಮುಂದಿನ ಕೆಳತೋಳಿನ ಬುಷ್ ಸವೆತ.
• ನಿಧಾನವಾಗಿ ಉಬ್ಬುತಗ್ಗುಗಳನ್ನು ದಾಟುವಾಗ ಟಕ್ ಎಂಬ ಸದ್ದು: ಆಂಟಿ ರೋಲ್ ಬಾರ್‌ನ ಕೊಂಡಿಗಳು, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್‌ನ ಮೇಲಿನ ಜೋಡಣೆ.
• ಉಬ್ಬನ್ನು ದಾಟಿದ ನಂತರ ತೇಲಾಡುವುದು: ಶಾಕ್ ಅಬ್ಸಾರ್ಬರ್‌ನ ಶಕ್ತಿ ಕುಂದಿರುವುದು.
• ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗದ ಆಸುಪಾಸಿನಲ್ಲಿ ಸ್ಟೀರಿಂಗ್ ನಡುಗುವುದು: ಚಕ್ರಗಳ ಸಮತೋಲನದ ದೋಷ, ಬಾಗಿದ ರಿಮ್. ಹಗುರವಾದ ಈ ಕಾರು ಚಕ್ರಗಳ ಅಸಮತೋಲನಕ್ಕೆ ಬಹಳ ಸೂಕ್ಷ್ಮವಾಗಿ ಸ್ಪಂದಿಸುತ್ತದೆ.

ಟೈರ್‌ಗಳ ಪರಿಶೀಲನೆ

ಪತ್ತೆಯ ಕೆಲಸವನ್ನು ಟೈರ್‌ಗಳಿಂದ ಆರಂಭಿಸುವುದು ವಾಡಿಕೆ. ಇದಕ್ಕೆ ಖರ್ಚಿಲ್ಲ, ಜೊತೆಗೆ ಟೈರ್‌ನ ಮೇಲ್ಮೈ ಸಸ್ಪೆನ್ಷನ್‌ನ ಇತಿಹಾಸವನ್ನು ತೋರಿಸುತ್ತದೆ. ಎನ್‌ಎ ಕಾರಿನ ಮೂಲ ಟೈರ್ ಅಳತೆ 185/60 ಆರ್ 14. ತಯಾರಕರು ಸೂಚಿಸಿದ ಗಾಳಿಯ ಒತ್ತಡ 26 ಪಿಎಸ್‌ಐ. ಇಂದಿನ ಹೆಚ್ಚಿನ ಕಾರುಗಳ ಒತ್ತಡಕ್ಕೆ ಹೋಲಿಸಿದರೆ ಇದು ಕಡಿಮೆ. ಆದುದರಿಂದ ಗಾಳಿ ತುಂಬುವವರು ರೂಢಿಯಂತೆ ಹೆಚ್ಚು ಒತ್ತಡ ಹಾಕಿಬಿಡುವುದುಂಟು. ಹಗುರವಾದ ಕಾರು ಆಗ ರಸ್ತೆಯ ಮೇಲೆ ಪುಟಿಯುತ್ತದೆ, ಸ್ಟೀರಿಂಗ್ ಚಂಚಲವಾಗುತ್ತದೆ.

2000ದಿಂದ ಈಚೆಗೆ ತಯಾರಾದ ಟೈರ್‌ಗಳ ಪಕ್ಕದ ಗೋಡೆಯ ಮೇಲೆ ತಯಾರಿಕೆಯ ವಾರ ಮತ್ತು ವರ್ಷವನ್ನು ಸೂಚಿಸುವ ನಾಲ್ಕು ಅಂಕಿಗಳಿರುತ್ತವೆ. ಉದಾಹರಣೆಗೆ 2316 ಎಂದರೆ 2016ರ 23ನೆಯ ವಾರ. ವರ್ಷಕ್ಕೆ ಕೆಲವೇ ದಿನ ಹೊರಬರುವ ಹವ್ಯಾಸದ ಕಾರುಗಳಲ್ಲಿ ಟೈರ್‌ನ ಗೆರೆಗಳು ಆಳವಾಗಿಯೇ ಉಳಿದಿದ್ದರೂ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಸಸ್ಪೆನ್ಷನ್ ದೋಷವೆಂದು ತಿಳಿದದ್ದು ಟೈರ್ ಬದಲಾಯಿಸಿದೊಡನೆ ಮಾಯವಾಗುವ ಸಾಧ್ಯತೆಯೂ ಇದೆ.

ಸವೆತದ ಮಾದರಿಯೂ ಮಾಹಿತಿ ನೀಡುತ್ತದೆ. ಅಂಗೈಯನ್ನು ಟೈರ್‌ನ ಮೇಲೆ ಅಡ್ಡಲಾಗಿ ಆಡಿಸಿದಾಗ ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಇನ್ನೊಂದು ದಿಕ್ಕಿನಲ್ಲಿ ಗರಗಸದಂತೆ ಒರಟಾಗಿಯೂ ಇದ್ದರೆ ಟೋ ಕೋನ ತಪ್ಪಿರುವುದು ಸಂಭವ. ಒಳ ಅಂಚು ಮಾತ್ರ ಸವೆದಿದ್ದರೆ ಚಕ್ರ ಅತಿಯಾಗಿ ಒಳಕ್ಕೆ ವಾಲಿರುವುದನ್ನು ಅಥವಾ ಟೋ ಹೊರಮುಖವಾಗಿರುವುದನ್ನು ಶಂಕಿಸಲಾಗುತ್ತದೆ. ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಚಕ್ರದ ಸಮತೋಲನದಲ್ಲಿ ದೋಷವಿರಬಹುದು. ಕಾರು ಒಂದು ಕಡೆಗೆ ಎಳೆಯುತ್ತಿದ್ದರೆ ಮುಂದಿನ ಎರಡು ಚಕ್ರಗಳನ್ನು ಪರಸ್ಪರ ಬದಲಿಸಿ ನೋಡಲಾಗುತ್ತದೆ. ಎಳೆತದ ದಿಕ್ಕೂ ಬದಲಾದರೆ ದೋಷ ಟೈರ್‌ನಲ್ಲಿಯೇ ಇದೆ. ತಿರುಗುವ ದಿಕ್ಕು ನಿಗದಿಯಾಗಿರುವ ಟೈರ್‌ಗಳಿಗೆ ಈ ವಿಧಾನ ಸಲ್ಲದು.

ನಿಂತ ಕಾರಿನಲ್ಲಿ ಪರೀಕ್ಷೆಗಳು

ಸ್ಟೀರಿಂಗ್ ಕೀಲುಗಳು

ಕಾರು ತನ್ನ ಚಕ್ರಗಳ ಮೇಲೆಯೇ ನಿಂತಿರುವಾಗ ಒಬ್ಬರು ಸ್ಟೀರಿಂಗ್ ಅನ್ನು ಮಧ್ಯಸ್ಥಾನದಿಂದ ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸಬೇಕು. ಇನ್ನೊಬ್ಬರು ಸ್ಟೀರಿಂಗ್ ದಂಡದ ಕೀಲಿನಿಂದ ಹಿಡಿದು ಟೈ ರಾಡ್‌ನ ಹೊರತುದಿಯವರೆಗೆ ಪ್ರತಿ ಜೋಡಣೆಯನ್ನು ಗಮನಿಸಬೇಕು. ಕೀಲಿನ ಒಂದು ಬದಿ ಚಲಿಸಿಯೂ ಮತ್ತೊಂದು ಬದಿ ತಡವಾಗಿ ಚಲಿಸಿದರೆ ಸಡಿಲತೆ ಅಲ್ಲಿದೆ. ಕೀಲಿನ ಮೇಲೆ ಬೆರಳಿಟ್ಟರೆ ಕಣ್ಣಿಗೆ ಕಾಣದ ಸಡಿಲತೆಯೂ ತಿಳಿಯುತ್ತದೆ. ಸ್ಟೀರಿಂಗ್ ರ್ಯಾಕ್‌ನ ಬಿಗಿತವನ್ನು ಹೊಂದಿಸುವ ಸೌಲಭ್ಯವಿದೆ. ಆದರೆ ಇತರ ಕೀಲುಗಳ ಸಡಿಲತೆಯನ್ನು ಮರೆಮಾಚಲು ರ್ಯಾಕ್ ಅನ್ನು ಅತಿಯಾಗಿ ಬಿಗಿಗೊಳಿಸಿದರೆ ಸ್ಟೀರಿಂಗ್ ಮಧ್ಯಕ್ಕೆ ಮರಳದೆ ಅಂಟಿಕೊಳ್ಳುತ್ತದೆ.

ಚಕ್ರದ ಬೇರಿಂಗ್ ಮತ್ತು ಬಾಲ್ ಜಾಯಿಂಟ್

ಮುಂಭಾಗವನ್ನು ಜ್ಯಾಕ್‌ನಿಂದ ಎತ್ತಿ, ಭದ್ರವಾದ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿದ ನಂತರವೇ ಈ ಪರೀಕ್ಷೆಯನ್ನು ನಡೆಸಬೇಕು. ಜ್ಯಾಕ್ ಒಂದರ ಆಧಾರದ ಮೇಲೆ ನಿಂತ ಕಾರಿನ ಕೆಳಗೆ ತೂರುವುದು ಪ್ರಾಣಾಪಾಯಕಾರಿ. ಗಡಿಯಾರದ ಮುಖಕ್ಕೆ ಹೋಲಿಸಿದರೆ, ಚಕ್ರವನ್ನು 9 ಮತ್ತು 3ರ ಸ್ಥಾನಗಳಲ್ಲಿ ಹಿಡಿದು ಅಲುಗಿಸಿದಾಗ ಸಡಿಲತೆ ಕಂಡರೆ ಟೈ ರಾಡ್ ಅಥವಾ ಬೇರಿಂಗ್ ಅನ್ನು, 12 ಮತ್ತು 6ರ ಸ್ಥಾನಗಳಲ್ಲಿ ಹಿಡಿದಾಗ ಕಂಡರೆ ಬೇರಿಂಗ್, ಬಾಲ್ ಜಾಯಿಂಟ್ ಅಥವಾ ಬುಷ್ ಅನ್ನು ಶಂಕಿಸಲಾಗುತ್ತದೆ. ಇವುಗಳನ್ನು ಬೇರ್ಪಡಿಸಲು ಮತ್ತೊಬ್ಬರು ಬ್ರೇಕ್ ಒತ್ತಿ ಹಿಡಿಯುವಾಗ ಚಕ್ರವನ್ನು ಪುನಃ ಅಲುಗಿಸಬೇಕು. ಸಡಿಲತೆ ಮಾಯವಾದರೆ ದೋಷ ಬೇರಿಂಗ್‌ನಲ್ಲಿದೆ, ಉಳಿದುಕೊಂಡರೆ ಕೀಲುಗಳಲ್ಲಿದೆ. ಎನ್‌ಎ ಕಾರಿನ ಮುಂದಿನ ಬೇರಿಂಗ್ ಹಬ್‌ನೊಂದಿಗೆ ಮುಚ್ಚಿದ ಘಟಕವಾಗಿರುವುದರಿಂದ ಅದನ್ನು ಬಿಗಿಗೊಳಿಸಿ ಸರಿಪಡಿಸಲಾಗದು, ಬದಲಾಯಿಸಬೇಕು.

ಬಾಲ್ ಜಾಯಿಂಟ್‌ನ ಸಡಿಲತೆಯು ಕೇವಲ ಚಾಲನಾ ಸುಖದ ಪ್ರಶ್ನೆಯಲ್ಲ. ಕೀಲು ಪೂರ್ಣವಾಗಿ ಕಳಚಿಕೊಂಡರೆ ಚಕ್ರವು ಕಾರಿನಡಿಗೆ ಮಡಚಿಕೊಂಡು ವಾಹನವು ನಿಯಂತ್ರಣ ತಪ್ಪುತ್ತದೆ. ಆದುದರಿಂದ ಟೈರ್‌ನ ಅಡಿಯಲ್ಲಿ ಸನ್ನೆಕೋಲನ್ನಿಟ್ಟು ಮೀಟಿ, ಕೆಳಗಿನ ಬಾಲ್ ಜಾಯಿಂಟ್ ಮೇಲೆಕೆಳಗೆ ಆಡುತ್ತದೆಯೇ ಎಂದು ನೋಡಬೇಕು. ಚಕ್ರ ಇಳಿಬಿದ್ದಿರುವಾಗ ಒಮ್ಮೆ, ಕೆಳತೋಳಿಗೆ ಆಧಾರ ಕೊಟ್ಟು ಅದನ್ನು ಸಹಜ ಎತ್ತರಕ್ಕೆ ತಂದಾಗ ಮತ್ತೊಮ್ಮೆ ಪರೀಕ್ಷಿಸುವುದು ಒಳಿತು. ಕೀಲನ್ನು ಮುಚ್ಚಿರುವ ರಬ್ಬರ್ ಟೊಪ್ಪಿಗೆ ಹರಿದಿದ್ದರೆ ನೀರು ಮತ್ತು ದೂಳು ಒಳಸೇರಿ ಗ್ರೀಸ್ ಕೊಚ್ಚಿಹೋಗುತ್ತದೆ. ಮುಂದಿನ ಕೆಳ ಬಾಲ್ ಜಾಯಿಂಟ್ ಅನ್ನು ಪ್ರತ್ಯೇಕವಾಗಿ ಬದಲಾಯಿಸಬಹುದು. ಮೇಲಿನದು ತೋಳಿನೊಂದಿಗೇ ಸೇರಿಕೊಂಡಿರುತ್ತದೆ.

ಬುಷ್‌ಗಳು

ಬುಷ್ ಎಂದರೆ ಒಳಗಿನ ಮತ್ತು ಹೊರಗಿನ ಲೋಹದ ಕೊಳವೆಗಳ ನಡುವೆ ಬೆಸೆದಿರುವ ರಬ್ಬರ್. ತೋಳು ಮೇಲೆಕೆಳಗೆ ಚಲಿಸುವಾಗ ಒಳಕೊಳವೆ ತಿರುಗುವುದಿಲ್ಲ, ರಬ್ಬರ್ ತಿರುಚಿಕೊಂಡು ಮರಳುತ್ತದೆ. ಎಂಜಿನ್ ಎಣ್ಣೆ, ಶಾಖ, ಗಾಳಿಯಲ್ಲಿನ ಓಝೋನ್ ಮತ್ತು ಕಾಲ ಈ ರಬ್ಬರ್ ಅನ್ನು ಬಿರುಕುಗೊಳಿಸುತ್ತವೆ. ಮೇಲ್ಮೈಯ ಸಣ್ಣ ಬಿರುಕುಗಳು ವಯಸ್ಸಿನ ಗುರುತು ಮಾತ್ರ. ರಬ್ಬರ್ ಲೋಹದಿಂದ ಬಿಟ್ಟುಕೊಂಡಿರುವುದು, ಒಳಕೊಳವೆ ಕೇಂದ್ರದಿಂದ ಸರಿದಿರುವುದು, ಸನ್ನೆಕೋಲಿನಿಂದ ಮೀಟಿದಾಗ ತೋಳು ಸುಲಭವಾಗಿ ಸರಿದಾಡುವುದು ವೈಫಲ್ಯದ ಸೂಚನೆಗಳು. ಬುಷ್ ಸವೆದಾಗ ನಿಂತ ಕಾರಿನ ಕೋನಗಳು ಸರಿಯಾಗಿದ್ದರೂ ಬ್ರೇಕ್, ತಿರುವು ಅಥವಾ ವೇಗವರ್ಧನೆಯ ಒತ್ತಡದಲ್ಲಿ ಅವು ಬದಲಾಗುತ್ತವೆ. ಅಲೈನ್‌ಮೆಂಟ್ ಯಂತ್ರದಲ್ಲಿ ನಿರ್ದೋಷವೆಂದು ತೋರಿದ ಕಾರು ರಸ್ತೆಯಲ್ಲಿ ಅಲೆಯುವುದಕ್ಕೆ ಇದೇ ಸಾಮಾನ್ಯ ವಿವರಣೆ.

ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್

ಕಾರಿನ ಮೂಲೆಯನ್ನು ಕೆಳಕ್ಕೆ ಒತ್ತಿ ಬಿಡುವ ಪರೀಕ್ಷೆಯು ಸಂಪೂರ್ಣ ನಿಷ್ಕ್ರಿಯವಾದ ಶಾಕ್ ಅಬ್ಸಾರ್ಬರ್ ಅನ್ನು ಮಾತ್ರ ತೋರಿಸುತ್ತದೆ, ಅರ್ಧ ಸವೆದದ್ದನ್ನು ತೋರಿಸುವುದಿಲ್ಲ. ಎಣ್ಣೆ ಸೋರಿದ ಗುರುತು ಹೆಚ್ಚು ನಂಬಲರ್ಹ. ಎನ್‌ಎ ಕಾರಿನಲ್ಲಿ ಶಾಕ್ ಅಬ್ಸಾರ್ಬರ್‌ನ ದಂಡದ ಮೇಲಿರುವ ನೊರೆಯಂಥ ಬಂಪ್ ಸ್ಟಾಪ್‌ಗಳು ಕಾಲಾನಂತರ ಪುಡಿಯಾಗುತ್ತವೆ. ಸಸ್ಪೆನ್ಷನ್‌ನ ಚಲನೆ ಸೀಮಿತವಾಗಿರುವುದರಿಂದ ಈ ಭಾಗಗಳು ತಿರುವಿನಲ್ಲಿಯೂ ಭಾರ ಹೊರುತ್ತವೆ. ಅವು ಇಲ್ಲವಾದರೆ ಉಬ್ಬು ಬಂದಾಗ ಕಾರು ಥಟ್ಟನೆ ನೆಗೆದು ದಿಕ್ಕು ತಪ್ಪುತ್ತದೆ. ಕಾರಿನ ಎತ್ತರವನ್ನು ಚಕ್ರದ ಕೇಂದ್ರದಿಂದ ಮೇಲಿನ ಕಮಾನಿನ ಅಂಚಿನವರೆಗೆ ಅಳೆಯಲಾಗುತ್ತದೆ. ನೆಲದಿಂದ ಅಳೆದರೆ ಟೈರ್‌ನ ಗಾತ್ರ ಮತ್ತು ಗಾಳಿಯ ಒತ್ತಡ ಲೆಕ್ಕವನ್ನು ತಪ್ಪಿಸುತ್ತವೆ. ಎಡಬಲಗಳ ನಡುವೆ ಗಣನೀಯ ವ್ಯತ್ಯಾಸವಿದ್ದರೆ ಸ್ಪ್ರಿಂಗ್ ಕುಸಿದಿರಬಹುದು ಅಥವಾ ಮುರಿದಿರಬಹುದು.

ದಾರಿತಪ್ಪಿಸುವ ಕಾರಣಗಳು

ತೆರೆದ ಕಾರುಗಳ ದೇಹ ಮುಚ್ಚಿದ ಕಾರುಗಳಷ್ಟು ಬಿಗಿಯಾಗಿರುವುದಿಲ್ಲ. ಒರಟು ರಸ್ತೆಯಲ್ಲಿ ಮುಂದಿನ ಗಾಜಿನ ಚೌಕಟ್ಟು ಮತ್ತು ಸ್ಟೀರಿಂಗ್ ನಡುಗುವುದು ಈ ರಚನೆಯ ಸಹಜ ಗುಣವಾಗಿದ್ದು ಸಸ್ಪೆನ್ಷನ್ ದೋಷವೆಂದು ಭ್ರಮೆ ಹುಟ್ಟಿಸುತ್ತದೆ. ಎನ್‌ಎ ಕಾರಿನಲ್ಲಿ ಗೇರ್‌ಪೆಟ್ಟಿಗೆ ಮತ್ತು ಡಿಫರೆನ್ಷಿಯಲ್ ಅನ್ನು ಅಲ್ಯೂಮಿನಿಯಂನ ಉದ್ದನೆಯ ಚೌಕಟ್ಟೊಂದು ಜೋಡಿಸುತ್ತದೆ. ಇದನ್ನು ಪವರ್ ಪ್ಲಾಂಟ್ ಫ್ರೇಮ್ ಎಂದು ಕರೆಯಲಾಗುತ್ತದೆ. ಇದರ ಬೋಲ್ಟ್‌ಗಳು ಅಥವಾ ಡಿಫರೆನ್ಷಿಯಲ್‌ನ ರಬ್ಬರ್ ಆಧಾರಗಳು ಸಡಿಲವಾದರೆ ಆಕ್ಸಿಲರೇಟರ್ ಒತ್ತಿ ಬಿಡುವಾಗ ಹಿಂಭಾಗದಲ್ಲಿ ಬಡಿತ ಕೇಳಿಸುತ್ತದೆ.

ಹಿಂದಿನ ಮಾಲೀಕರು ಮಾಡಿದ ಬದಲಾವಣೆಗಳೂ ಗಮನಾರ್ಹ. ಅಗಲವಾದ ಚಕ್ರಗಳು ರಸ್ತೆಯ ಜಾಡುಗಳನ್ನು ಅನುಸರಿಸಿ ಸ್ಟೀರಿಂಗ್ ಅನ್ನು ಎಳೆಯುತ್ತವೆ. ಎತ್ತರ ತಗ್ಗಿಸುವ ಸ್ಪ್ರಿಂಗ್‌ಗಳನ್ನು ಅಳವಡಿಸಿ ಅಲೈನ್‌ಮೆಂಟ್ ಮಾಡದೆ ಬಿಟ್ಟಿದ್ದರೆ ಕೋನಗಳು ಬದಲಾಗಿರುತ್ತವೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ದೇಶಗಳಲ್ಲಿ ಓಡಿದ ಕಾರುಗಳಲ್ಲಿ ಸಬ್‌ಫ್ರೇಮ್ ಮತ್ತು ಅದನ್ನು ದೇಹಕ್ಕೆ ಜೋಡಿಸುವ ಸ್ಥಳಗಳಲ್ಲಿ ತುಕ್ಕು ಇದೆಯೇ ಎಂದು ಮೊದಲೇ ಪರಿಶೀಲಿಸಬೇಕು. ಆಧಾರವೇ ಶಿಥಿಲವಾಗಿದ್ದರೆ ಹೊಸ ಬುಷ್‌ಗಳಿಂದ ಪ್ರಯೋಜನವಿಲ್ಲ.

ದುರಸ್ತಿಯ ಕ್ರಮ

ಸುರಕ್ಷತೆಗೆ ಸಂಬಂಧಿಸಿದ ಬಾಲ್ ಜಾಯಿಂಟ್, ಟೈ ರಾಡ್ ತುದಿ ಮತ್ತು ಬೇರಿಂಗ್‌ಗಳನ್ನು ಮೊದಲು ಸರಿಪಡಿಸಲಾಗುತ್ತದೆ. ನಂತರ ಬುಷ್‌ಗಳು, ಆಮೇಲೆ ಶಾಕ್ ಅಬ್ಸಾರ್ಬರ್ ಮತ್ತು ಬಂಪ್ ಸ್ಟಾಪ್‌ಗಳು. ಅಲೈನ್‌ಮೆಂಟ್ ಕೊನೆಯ ಹಂತ. ಸವೆದ ಬುಷ್‌ಗಳ ಮೇಲೆ ಮಾಡಿದ ಅಲೈನ್‌ಮೆಂಟ್ ಉಳಿಯುವುದಿಲ್ಲ, ಭಾಗಗಳನ್ನು ಬದಲಿಸಿದ ನಂತರ ಅದನ್ನು ಮತ್ತೆ ಮಾಡಿಸಬೇಕಾಗುತ್ತದೆ.

ರಬ್ಬರ್ ಬುಷ್ ಅಳವಡಿಸುವಾಗ ಬೋಲ್ಟ್‌ಗಳ ಅಂತಿಮ ಬಿಗಿತವನ್ನು ಕಾರಿನ ಭಾರ ಚಕ್ರಗಳ ಮೇಲಿರುವಾಗಲೇ ಮಾಡಬೇಕು. ತೋಳು ಇಳಿಬಿದ್ದಿರುವಾಗ ಬಿಗಿಗೊಳಿಸಿದರೆ ಕಾರು ನೆಲಕ್ಕಿಳಿದಾಗ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಕಾರಿನ ಎತ್ತರವೂ ತಪ್ಪುತ್ತದೆ. ರಬ್ಬರ್‌ಗೆ ಬದಲಾಗಿ ಪಾಲಿಯುರೆಥೇನ್ ಬುಷ್‌ಗಳನ್ನು ಬಳಸುವವರೂ ಇದ್ದಾರೆ. ಅವು ಸ್ಪಂದನವನ್ನು ಚುರುಕುಗೊಳಿಸುತ್ತವೆಯಾದರೂ ಕಂಪನವನ್ನು ಹೆಚ್ಚಾಗಿ ಒಳಕ್ಕೆ ದಾಟಿಸುತ್ತವೆ. ಗ್ರೀಸ್ ಒಣಗಿದಾಗ ಕಿರುಗುಟ್ಟುತ್ತವೆ.

ಕೆಲಸವನ್ನು ಕಠಿಣಗೊಳಿಸುವ ಮುಖ್ಯ ಸಮಸ್ಯೆ ತುಕ್ಕಿನಿಂದ ಬುಷ್‌ನ ಒಳಕೊಳವೆಗೆ ಕಚ್ಚಿಕೊಂಡ ಕ್ಯಾಮ್ ಬೋಲ್ಟ್‌ಗಳು. ತುಕ್ಕು ಬಿಡಿಸುವ ಎಣ್ಣೆಯನ್ನು ಹಲವು ದಿನ ಮುಂಚಿತವಾಗಿ ಹಾಕುವುದರಿಂದ ಕೆಲವು ಬಿಡಿಸಿಕೊಳ್ಳುತ್ತವೆ, ಉಳಿದವನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಬಿಚ್ಚುವ ಮುನ್ನ ಬಿಲ್ಲೆಯ ಸ್ಥಾನವನ್ನು ಗುರುತು ಮಾಡಿಕೊಂಡರೆ ಕಾರನ್ನು ಅಲೈನ್‌ಮೆಂಟ್ ಕೇಂದ್ರದವರೆಗೆ ಸುರಕ್ಷಿತವಾಗಿ ಓಡಿಸಲು ಅನುಕೂಲವಾಗುತ್ತದೆ. ಈ ಬೋಲ್ಟ್‌ಗಳು ಕಚ್ಚಿಕೊಂಡಿರುವಾಗ ಮುಂದಿನ ಟೋ ಒಂದನ್ನೇ ಹೊಂದಿಸಿ ಕೆಲಸ ಮುಗಿಸುವುದುಂಟು. ಅಂಥ ಕಾರಿನಲ್ಲಿ ಹಿಂದಿನ ಟೋ ಎಡಬಲಗಳಲ್ಲಿ ಅಸಮವಾಗಿಯೇ ಉಳಿಯುತ್ತದೆ. ಆಗ ಕಾರು ನೇರವಾಗಿ ಸಾಗುತ್ತಿದ್ದರೂ ಸ್ಟೀರಿಂಗ್ ಒಂದು ಬದಿಗೆ ಓರೆಯಾಗಿ ನಿಲ್ಲುತ್ತದೆ. ಸರಿಯಾದ ಕ್ರಮದಲ್ಲಿ ಹಿಂದಿನ ಚಕ್ರಗಳ ಕೋನಗಳನ್ನು ಮೊದಲು ಹೊಂದಿಸಿ, ನಂತರ ಮುಂದಿನ ಕ್ಯಾಸ್ಟರ್, ಕ್ಯಾಂಬರ್ ಮತ್ತು ಟೋಗಳನ್ನು ಹೊಂದಿಸಲಾಗುತ್ತದೆ. ಹಗುರವಾದ ಕಾರಾದುದರಿಂದ ಚಾಲಕನ ತೂಕದಷ್ಟು ಭಾರವನ್ನು ಆಸನದಲ್ಲಿಟ್ಟು ಅಳೆಯುವ ಪದ್ಧತಿಯೂ ಇದೆ.

ಕಾನೂನುಬದ್ಧ ತಪಾಸಣೆ ಮತ್ತು ಸಂರಕ್ಷಣೆ

ಬ್ರಿಟನ್ನಿನ ವಾರ್ಷಿಕ ಎಂಒಟಿ ಪರೀಕ್ಷೆ, ಜಪಾನಿನ 'ಶಾಕೆನ್' ಹಾಗೂ ಜರ್ಮನಿಯ ನಿಯತಕಾಲಿಕ ತಪಾಸಣೆಗಳಲ್ಲಿ ಸ್ಟೀರಿಂಗ್ ಮತ್ತು ಸಸ್ಪೆನ್ಷನ್ ಕೀಲುಗಳ ಸ್ಥಿತಿಯನ್ನು ಪರೀಕ್ಷಿಸಲಾಗುತ್ತದೆ. ಇವು ಅಪಾಯಕಾರಿ ಸವೆತವನ್ನು ತಡೆಯುವ ಉದ್ದೇಶದವು. ತಪಾಸಣೆಯಲ್ಲಿ ತೇರ್ಗಡೆಯಾದ ಕಾರಿನಲ್ಲಿಯೂ ಅನುಮತಿಸಿದ ಮಿತಿಯೊಳಗಿನ ಹಲವು ಸಡಿಲತೆಗಳು ಕೂಡಿ ಚಾಲನೆ ಅಸ್ಪಷ್ಟವಾಗಿರಬಹುದು. ಜರ್ಮನಿಯಲ್ಲಿ 30 ವರ್ಷ ದಾಟಿದ, ಮೂಲ ಸ್ಥಿತಿಗೆ ಹತ್ತಿರವಾಗಿ ಉಳಿದ ಕಾರುಗಳಿಗೆ ಐತಿಹಾಸಿಕ ವಾಹನದ ನೋಂದಣಿ ಫಲಕ ದೊರೆಯುತ್ತದೆ. ಆರಂಭದ ಎನ್‌ಎ ಕಾರುಗಳು 2019ರಿಂದ ಈ ವಯೋಮಿತಿಯನ್ನು ತಲುಪಲಾರಂಭಿಸಿದವು.

ಮಜ್ದಾ ಸಂಸ್ಥೆಯು 2017ರಲ್ಲಿ ಜಪಾನಿನಲ್ಲಿ ಈ ತಲೆಮಾರಿನ ಕಾರುಗಳ ಪುನರುಜ್ಜೀವನ ಸೇವೆಯನ್ನು ಪ್ರಕಟಿಸಿ, ತಯಾರಿಕೆ ನಿಂತಿದ್ದ ಕೆಲವು ಬಿಡಿಭಾಗಗಳನ್ನು ಮತ್ತೆ ಒದಗಿಸಲು ಮುಂದಾಯಿತು. ಇದರ ಅಂಗವಾಗಿ ಬ್ರಿಡ್ಜ್‌ಸ್ಟೋನ್ ಸಂಸ್ಥೆಯು ಮೂಲ ಅಳತೆಯ ಟೈರ್ ಅನ್ನು ಮರುತಯಾರಿಸಿತು. ಟೈರ್, ಬುಷ್ ಮತ್ತು ಕೋನಗಳು ಕಾರ್ಖಾನೆಯ ಅಳತೆಗೆ ಮರಳಿದಾಗ ಮಾತ್ರ ಕಾರಿನ ಮೂಲ ಸ್ವಭಾವ ತಿಳಿಯುತ್ತದೆ. ಗಟ್ಟಿ ಸ್ಪ್ರಿಂಗ್‌ಗಳಂಥ ಯಾವುದೇ ಮಾರ್ಪಾಡು ಅಗತ್ಯವೇ ಎಂಬುದನ್ನು ನಿರ್ಧರಿಸಬೇಕಾದುದು ಆ ಹಂತದ ನಂತರವೇ.